ಸಲ್ಲಿಕೆಯಾಗದ ವಿವರಪತ್ರ: ಅಮೆರಿಕದ ಫೆಡರಲ್ ವರಮಾನ ತೆರಿಗೆಯಲ್ಲಿ ಮೌನ, ತಪಾಸಣೆ ಮತ್ತು ದಂಡದ ಚರಿತ್ರೆ

ಕನ್ನಡ ನಾಡಿನ ಶಾಸನಗಳನ್ನು ಓದಿ ಬಲ್ಲವರಿಗೆ ಸಿದ್ಧಾಯ, ಸುಂಕ ಮೊದಲಾದ ಮಾತುಗಳು ಅಪರಿಚಿತವಲ್ಲ. ನೆಲದ ಮೇಲಿನ ತೆರಿಗೆಗೆ ಒಂದು ಅನುಕೂಲವಿದೆ: ನೆಲ ಎಲ್ಲಿಗೂ ಓಡಿಹೋಗುವುದಿಲ್ಲ. ಒಡೆಯನು ಬಾಯಿ ಬಿಡದಿದ್ದರೂ ಅಳತೆಗೋಲು ಹಿಡಿದು ಬಂದವನು ಅದರ ವಿಸ್ತೀರ್ಣವನ್ನು ಗುರುತು ಹಾಕಿಕೊಳ್ಳಬಲ್ಲ, ಶಾನುಭೋಗನು ಅದನ್ನು ಕಡತಕ್ಕೆ ಏರಿಸಬಲ್ಲ. ವರಮಾನದ ಮೇಲಿನ ತೆರಿಗೆಯ ಸಂಗತಿ ಹಾಗಲ್ಲ. ಗಳಿಸಿದವನು ತಾನಾಗಿ ಹೇಳಿಕೊಳ್ಳುವ ತನಕ ಅದು ಪ್ರಭುತ್ವದ ಕಣ್ಣಿಗೆ ಬೀಳುವುದು ದುರ್ಲಭ. ಆದ್ದರಿಂದ ಈ ತೆರಿಗೆಯ ಅಡಿಪಾಯ ಒಂದು ಕಾಗದ. ಪ್ರಜೆಯು ತನ್ನ ವಿರುದ್ಧ ತಾನೇ ಬರೆದುಕೊಡಬೇಕಾದ ಹೇಳಿಕೆ. ಕನ್ನಡದಲ್ಲಿ ಅದಕ್ಕೆ ವಿವರಪತ್ರವೆಂಬ ಹೆಸರು ಕೊಟ್ಟಿದ್ದರೂ ಬಳಕೆಯಲ್ಲಿ ಉಳಿದಿರುವುದು ರಿಟರ್ನ್ಸ್ ಎಂಬ ಮಾತೇ.

ತೆರಿಗೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಸಲ್ಲಿಕೆಯಾದ ವಿವರಪತ್ರಗಳನ್ನು ಎಣಿಸುತ್ತಾರೆ. ಸಲ್ಲಿಕೆಯಾಗದೆ ಹೋದವುಗಳಿಗೂ ಒಂದು ಚರಿತ್ರೆಯಿದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಫೆಡರಲ್ ಸರ್ಕಾರವು ಕಳೆದ ನೂರಾ ಅರವತ್ತು ವರ್ಷಗಳಲ್ಲಿ ಹೀಗೆ ಸುಮ್ಮನಿದ್ದ ಪ್ರಜೆಯನ್ನು ಹೇಗೆ ಪತ್ತೆ ಹಚ್ಚಿತು, ಯಾವ ಮೌನವನ್ನು ಅಪರಾಧವೆಂದೂ ಯಾವುದನ್ನು ಬರಿಯ ಆಲಸ್ಯವೆಂದೂ ಕರೆಯಿತು, ದಂಡದ ಭಾರ ಯಾರ ಹೆಗಲಿಗೆ ಬಿತ್ತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಅಮೆರಿಕದ ಮೊದಲ ಫೆಡರಲ್ ವರಮಾನ ತೆರಿಗೆ ಅಂತರ್ಯುದ್ಧದ ಕೂಸು. 1861ರಲ್ಲಿ ಒಂದು ಕಾನೂನು ಆಯಿತಾದರೂ ಅದು ಕಾಗದದಲ್ಲೇ ಉಳಿಯಿತು. 1862ರ ಜುಲೈ 1ರ ಕಾನೂನು 600 ಡಾಲರಿಗೆ ಮೀರಿದ ವರಮಾನಕ್ಕೆ ಶೇಕಡಾ 3ರಂತೆಯೂ 10,000 ಡಾಲರಿಗೆ ಮೀರಿದ ವರಮಾನಕ್ಕೆ ಶೇಕಡಾ 5ರಂತೆಯೂ ತೆರಿಗೆ ವಿಧಿಸಿ, ಆಂತರಿಕ ಕಂದಾಯದ ಆಯುಕ್ತರೆಂಬ ಹೊಸ ಹುದ್ದೆಯನ್ನು ಸೃಷ್ಟಿಸಿತು. ಭಾರತದಲ್ಲಿ 1857ರ ಸಂಗ್ರಾಮದ ವೆಚ್ಚವನ್ನು ತುಂಬಲು ಜೇಮ್ಸ್ ವಿಲ್ಸನ್ ವರಮಾನ ತೆರಿಗೆಯನ್ನು ತಂದದ್ದು 1860ರಲ್ಲಿ. ಎರಡು ಖಂಡಗಳಲ್ಲಿ ಎರಡು ವರ್ಷಗಳ ಅಂತರದಲ್ಲಿ, ಎರಡು ಯುದ್ಧಗಳ ಸಾಲದಿಂದ ಒಂದೇ ಬಗೆಯ ತೆರಿಗೆ ಹುಟ್ಟಿದ್ದು ಗಮನಾರ್ಹ.

ಅಂತರ್ಯುದ್ಧ ಕಾಲದ ಕಾನೂನು ಸುಮ್ಮನಿರುವವನನ್ನು ಮೊದಲೇ ನಿರೀಕ್ಷಿಸಿತ್ತು. ಪಟ್ಟಿ ಕೊಡದವನ ಪರವಾಗಿ ಕರನಿರ್ಧರಣೆಯ ಅಧಿಕಾರಿಯೇ ತನಗೆ ದೊರೆತ ಮಾಹಿತಿಯ ಮೇಲೆ ಪಟ್ಟಿ ಬರೆದು, ತೆರಿಗೆಯ ಜೊತೆಗೆ ದಂಡವನ್ನೂ ಸೇರಿಸಬಹುದಾಗಿತ್ತು. ಆ ಅಧಿಕಾರಿ ಸ್ಥಳೀಯನಾಗಿದ್ದುದರಿಂದ ಯಾರ ಅಂಗಡಿಯಲ್ಲಿ ವ್ಯಾಪಾರ ಹೇಗೆ ನಡೆಯುತ್ತದೆಂಬುದು ಅವನಿಗೆ ತಿಳಿದೇ ಇರುತ್ತಿತ್ತು. ಇದಕ್ಕಿಂತ ಪರಿಣಾಮಕಾರಿಯಾದದ್ದು ಪ್ರಚಾರ. ತೆರಿಗೆಯ ಪಟ್ಟಿಗಳು ಸಾರ್ವಜನಿಕರ ನೋಟಕ್ಕೆ ತೆರೆದಿದ್ದು, ಪತ್ರಿಕೆಗಳು ಊರಿನ ಸಿರಿವಂತರ ವರಮಾನವನ್ನು ಹೆಸರು ಸಹಿತ ಅಚ್ಚು ಹಾಕುತ್ತಿದ್ದವು. ನೆರೆಹೊರೆಯವರ ಕಣ್ಣೇ ಅಂದಿನ ತಪಾಸಣೆ. ಯುದ್ಧ ಮುಗಿದ ಮೇಲೆ ತೆರಿಗೆಗೆ ಬೆಂಬಲ ಕುಗ್ಗಿ 1872ರಲ್ಲಿ ಅದು ಕೊನೆಗೊಂಡಿತು. 1894ರಲ್ಲಿ ಮತ್ತೆ ತಂದ ತೆರಿಗೆಯನ್ನು ಸುಪ್ರೀಂ ಕೋರ್ಟು ಮರುವರ್ಷವೇ ಪೊಲಾಕ್ ಮೊಕದ್ದಮೆಯಲ್ಲಿ 5-4ರ ಬಹುಮತದಿಂದ ಅಸಿಂಧುಗೊಳಿಸಿತು. ಸಂವಿಧಾನದ ಹದಿನಾರನೆಯ ತಿದ್ದುಪಡಿ 1913ರ ಫೆಬ್ರವರಿಯಲ್ಲಿ ಅನುಮೋದನೆ ಪಡೆಯುವವರೆಗೆ ಈ ವಿಷಯ ತೂಗುಯ್ಯಾಲೆಯಲ್ಲೇ ಇತ್ತು.

1913ರ ಅಕ್ಟೋಬರ್ 3ರ ಕಾನೂನಿನ ಪ್ರಕಾರ ಮೊದಲ ವಿವರಪತ್ರಗಳು 1914ರ ಮಾರ್ಚ್ 1ರೊಳಗೆ ಕಂದಾಯದ ಕಲೆಕ್ಟರರ ಕೈ ಸೇರಬೇಕಿತ್ತು. ಸೂಚನೆಗಳೂ ಸೇರಿ ನಾಲ್ಕೇ ಪುಟಗಳ ಆ ನಮೂನೆಯೇ ಇಂದಿಗೂ ಹೆಸರು ಉಳಿಸಿಕೊಂಡಿರುವ ಫಾರಂ 1040. ಅವಿವಾಹಿತರಿಗೆ 3,000 ಡಾಲರು, ವಿವಾಹಿತರಿಗೆ 4,000 ಡಾಲರು ವಿನಾಯಿತಿ ಇದ್ದುದರಿಂದ ಒಂಬತ್ತು ಕೋಟಿಗೂ ಮಿಕ್ಕ ಜನಸಂಖ್ಯೆಯ ದೇಶದಲ್ಲಿ ವಿವರಪತ್ರ ಸಲ್ಲಿಸಿದವರು ಸುಮಾರು ಮೂರೂವರೆ ಲಕ್ಷ ಮಂದಿ ಮಾತ್ರ. ತಡಮಾಡಿದವರಿಗೆ 20 ಡಾಲರಿನಿಂದ 1,000 ಡಾಲರಿನವರೆಗೆ ದಂಡವೆಂಬ ಎಚ್ಚರಿಕೆ ಆ ನಮೂನೆಯಲ್ಲೇ ಅಚ್ಚಾಗಿತ್ತು. ಬರೆದುಕೊಟ್ಟದ್ದು ನಿಜವೆಂದು ಅಧಿಕಾರಿಯ ಮುಂದೆ ಪ್ರಮಾಣ ಮಾಡಬೇಕಿತ್ತು. ಗಡುವಿನ ದಿನ 1918ರ ಕಾನೂನಿನಲ್ಲಿ ಮಾರ್ಚ್ 15ಕ್ಕೂ 1954ರ ಸಂಹಿತೆಯಲ್ಲಿ ಏಪ್ರಿಲ್ 15ಕ್ಕೂ ಸರಿಯಿತು.

ಆದರೆ ಒಂದು ಮೂಲಭೂತ ಪ್ರಶ್ನೆ ಉಳಿದೇ ಇತ್ತು. ಯಾವ ಪ್ರಜೆಯನ್ನೂ ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಬಲವಂತ ಮಾಡಕೂಡದೆಂದು ಸಂವಿಧಾನದ ಐದನೆಯ ತಿದ್ದುಪಡಿ ಹೇಳುತ್ತದೆ. ಕಳ್ಳಭಟ್ಟಿ ಮಾರಿ ಹಣ ಗಳಿಸಿದವನು ವಿವರಪತ್ರ ಬರೆದರೆ ತನ್ನ ಅಪರಾಧವನ್ನು ತಾನೇ ಒಪ್ಪಿದಂತಾಗುತ್ತದೆ. ಬರೆಯದಿದ್ದರೆ ತೆರಿಗೆ ಕಾನೂನಿನ ಉಲ್ಲಂಘನೆಯಾಗುತ್ತದೆ. ಪಾನನಿಷೇಧದ ದಿನಗಳಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ಪಟ್ಟಣದ ಮ್ಯಾನ್ಲಿ ಸಲಿವನ್ ಎಂಬ ಮದ್ಯ ವ್ಯಾಪಾರಿಯ ವಾದ ಇದೇ ಆಗಿತ್ತು. ಮೇಲ್ಮನವಿ ನ್ಯಾಯಾಲಯ ಅವನ ಮಾತನ್ನು ಒಪ್ಪಿತು. 1927ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಬರೆದ ತೀರ್ಪು ಮೂರು ನಾಲ್ಕು ಪುಟಗಳಿಗೆ ಮೀರದು. 1913ರ ಕಾನೂನಿನಲ್ಲಿ ವ್ಯಾಪಾರವೆಂಬ ಮಾತಿನ ಹಿಂದೆ ಇದ್ದ ನ್ಯಾಯಸಮ್ಮತವೆಂಬ ವಿಶೇಷಣವನ್ನು ಮುಂದಿನ ಕಾನೂನುಗಳು ಕೈಬಿಟ್ಟಿರುವುದರಿಂದ ಅಕ್ರಮ ವ್ಯಾಪಾರದ ಲಾಭಕ್ಕೂ ತೆರಿಗೆಯಿದೆ ಎಂಬುದು ಅದರ ಮೊದಲ ಅಂಶ. ಯಾವುದಾದರೊಂದು ಪ್ರಶ್ನೆಗೆ ಉತ್ತರಿಸಿದರೆ ತನಗೆ ಹಾನಿಯೆಂದು ತೋರಿದಲ್ಲಿ ಪ್ರಜೆಯು ಆ ಆಕ್ಷೇಪಣೆಯನ್ನು ವಿವರಪತ್ರದಲ್ಲೇ ಎತ್ತಬೇಕು, ವಿವರಪತ್ರವನ್ನೇ ಕೊಡದೆ ಕೂರುವಂತಿಲ್ಲ ಎಂಬುದು ಎರಡನೆಯ ಅಂಶ. ಅಂದರೆ ಮೌನದ ಹಕ್ಕನ್ನು ಕೂಡ ಬಾಯಿಬಿಟ್ಟೇ ಕೇಳಿ ಪಡೆಯಬೇಕು. ಈ ವ್ಯತ್ಯಾಸ ಕೂದಲು ಸೀಳಿದಂತೆ ತೋರಬಹುದು. ಮುಂದಿನ ನೂರು ವರ್ಷಗಳ ಕಾನೂನೆಲ್ಲ ಇದರ ಮೇಲೆಯೇ ನಿಂತಿದೆ.

ಸಲಿವನ್ ತೀರ್ಪಿನ ಫಲ ಶಿಕಾಗೋ ನಗರದಲ್ಲಿ ಕಾಣಿಸಿಕೊಂಡಿತು. ಆಲ್ ಕಪೋನ್ ತನ್ನ ಉಚ್ಛ್ರಾಯದ ದಿನಗಳಲ್ಲಿ ಒಂದು ವಿವರಪತ್ರವನ್ನೂ ಸಲ್ಲಿಸಿದವನಲ್ಲ. ಅವನ ಹೆಸರಿನಲ್ಲಿ ಬ್ಯಾಂಕು ಖಾತೆಯಾಗಲಿ ಆಸ್ತಿಯಾಗಲಿ ಇರಲಿಲ್ಲ. ಎಲ್ಮರ್ ಐರಿ ಅವರ ನೇತೃತ್ವದ ಗುಪ್ತ ತನಿಖಾ ವಿಭಾಗದ ಫ್ರಾಂಕ್ ವಿಲ್ಸನ್ ವರ್ಷಗಟ್ಟಲೆ ಹುಡುಕಿ, ಹಿಂದೊಮ್ಮೆ ಜೂಜುಕಟ್ಟೆಯಿಂದ ವಶಪಡಿಸಿಕೊಂಡು ಮೂಲೆಗೆ ಬಿದ್ದಿದ್ದ ಲೆಕ್ಕದ ಪುಸ್ತಕಗಳನ್ನು ಪತ್ತೆಮಾಡಿ, ಅದನ್ನು ಬರೆದ ಗುಮಾಸ್ತರನ್ನು ಸಾಕ್ಷಿಗೆ ತಂದರು. ಆದರೆ ನಿರ್ಣಾಯಕವಾದ ಕಾಗದ ಕಪೋನನ ಕಡೆಯಿಂದಲೇ ಬಂತು. ರಾಜಿಯ ಆಸೆಯಿಂದ 1930ರಲ್ಲಿ ಅವನ ವಕೀಲ ಲಾರೆನ್ಸ್ ಮ್ಯಾಟಿಂಗ್ಲಿ ಇಲಾಖೆಗೆ ಬರೆದ ಪತ್ರದಲ್ಲಿ ತನ್ನ ಕಕ್ಷಿದಾರನ ವರಮಾನ 1925ರಲ್ಲಿ 26,000 ಡಾಲರಿಗೂ 1926ರಲ್ಲಿ 40,000 ಡಾಲರಿಗೂ 1928 ಮತ್ತು 1929ರಲ್ಲಿ ಒಂದು ಲಕ್ಷ ಡಾಲರಿಗೂ ಮೀರದೆಂದು ಒಪ್ಪಿಕೊಂಡಿದ್ದನು. ಮೀರದು ಎಂಬ ಮಾತು ರಕ್ಷಣೆಗೆ ಬರಲಿಲ್ಲ. ವರಮಾನವಿತ್ತೆಂಬ ಒಪ್ಪಿಗೆ ಮಾತ್ರ ನ್ಯಾಯಾಲಯದಲ್ಲಿ ಉಳಿಯಿತು.

1931ರ ಅಕ್ಟೋಬರಿನಲ್ಲಿ ಜೂರಿಯು ಇಪ್ಪತ್ತಮೂರು ಆಪಾದನೆಗಳಲ್ಲಿ ಐದನ್ನು ಮಾತ್ರ ಎತ್ತಿಹಿಡಿಯಿತು. 1925, 1926 ಮತ್ತು 1927ರ ತೆರಿಗೆ ವಂಚನೆಗಾಗಿ ಮೂರು, 1928 ಮತ್ತು 1929ರಲ್ಲಿ ವಿವರಪತ್ರ ಸಲ್ಲಿಸದೆ ಇದ್ದುದಕ್ಕಾಗಿ ಎರಡು. ನ್ಯಾಯಾಧೀಶ ಜೇಮ್ಸ್ ವಿಲ್ಕರ್ಸನ್ ವಿಧಿಸಿದ ಶಿಕ್ಷೆ ಹನ್ನೊಂದು ವರ್ಷಗಳ ಸೆರೆಮನೆ ಮತ್ತು 50,000 ಡಾಲರು ಜುಲ್ಮಾನೆ. ಜನಮನದಲ್ಲಿ ಈ ಮೊಕದ್ದಮೆ ಕೊಲೆಗಡುಕನೊಬ್ಬನನ್ನು ತೆರಿಗೆಯ ಬಲೆಯಲ್ಲಿ ಹಿಡಿದ ಜಾಣ್ಮೆಯ ಕಥೆಯಾಗಿ ನೆಲೆಸಿದೆ. ಚರಿತ್ರೆಯ ದೃಷ್ಟಿಯಿಂದ ಹೆಚ್ಚು ಮಹತ್ವದ್ದು ಆ ಐದು ಆಪಾದನೆಗಳ ಒಳಗಿನ ವಿಂಗಡಣೆ. ವಂಚನೆ ಘೋರ ಅಪರಾಧ. ಸಲ್ಲಿಸದಿರುವುದು ಒಂದು ವರ್ಷದ ಸೆರೆಗೆ ಮಾತ್ರ ಅರ್ಹವಾದ ಲಘು ಅಪರಾಧ.

ಈ ಎರಡರ ನಡುವಣ ಗೆರೆ ಎಲ್ಲಿ ಎಂಬುದನ್ನು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದ್ದು 1943ರ ಸ್ಪೀಸ್ ಮೊಕದ್ದಮೆಯಲ್ಲಿ. ತೀರ್ಪು ಬರೆದ ರಾಬರ್ಟ್ ಜ್ಯಾಕ್ಸನ್ ಹಿಂದೆ ಆಂತರಿಕ ಕಂದಾಯ ಇಲಾಖೆಯ ಮುಖ್ಯ ಕಾನೂನು ಸಲಹೆಗಾರರಾಗಿದ್ದವರು; ಇಲಾಖೆಯ ಒಳಹೊರಗನ್ನು ಬಲ್ಲವರು. ಬುದ್ಧಿಪೂರ್ವಕವಾಗಿ ವಿವರಪತ್ರ ಸಲ್ಲಿಸದಿರುವುದು, ತೆರಿಗೆ ಕಟ್ಟದಿರುವುದು ಇವೆರಡೂ ಸೇರಿದರೂ ವಂಚನೆಯ ಯತ್ನವಾಗುವುದಿಲ್ಲ. ಎರಡು ಲೆಕ್ಕದ ಪುಸ್ತಕ ಇಡುವುದು, ಸುಳ್ಳು ನಮೂದು ಮಾಡುವುದು, ದಾಖಲೆ ನಾಶಪಡಿಸುವುದು, ಆಸ್ತಿ ಬಚ್ಚಿಡುವುದು ಮುಂತಾದ ಯಾವುದಾದರೂ ಕೃತ್ಯ ಅದರೊಡನೆ ಸೇರಬೇಕೆಂದು ಅವರು ವಿಧಿಸಿದರು. ಮಾಡದಿರುವುದು ಬೇರೆ, ಮಾಡುವುದು ಬೇರೆ. ಈ ತತ್ತ್ವದ ಒಂದು ವಿಲಕ್ಷಣ ಪರಿಣಾಮವನ್ನು ಗುರುತಿಸದೆ ಇರಲಾಗದು. ಸುಳ್ಳು ವಿವರಪತ್ರ ಸಲ್ಲಿಸಿದವನಿಗಿಂತ ಏನನ್ನೂ ಸಲ್ಲಿಸದವನು ಕ್ರಿಮಿನಲ್ ಕಾನೂನಿನ ಕಣ್ಣಿನಲ್ಲಿ ಸಣ್ಣ ತಪ್ಪಿತಸ್ಥನಾದನು.

ಅದರ ಸೇಡನ್ನು ದಂಡ ಮತ್ತು ಕಾಲಮಿತಿಯ ನಿಯಮಗಳು ತೀರಿಸಿಕೊಂಡವು. 1935ರ ಕಾನೂನಿನಿಂದ ತಡವಾದ ಪ್ರತಿ ತಿಂಗಳಿಗೆ ತೆರಿಗೆಯ ಶೇಕಡಾ 5ರಂತೆ ಏರುತ್ತ ಶೇಕಡಾ 25ರಲ್ಲಿ ನಿಲ್ಲುವ ದಂಡ ಜಾರಿಗೆ ಬಂತು. ಅದೇ ಮೊತ್ತಗಳು ಇಂದಿಗೂ ಉಳಿದಿವೆ. ತೆರಿಗೆ ಕಟ್ಟಲು ತಡಮಾಡಿದ್ದಕ್ಕೆ ತಿಂಗಳಿಗೆ ಶೇಕಡಾ ಅರ್ಧದ ದಂಡ 1969ರಲ್ಲಿ ಸೇರಿತು. ಈ ಎರಡು ದರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಾನೂನಿನ ಮನಸ್ಸು ತಿಳಿಯುತ್ತದೆ: ಕೈಯಲ್ಲಿ ಹಣವಿಲ್ಲದವನ ತಪ್ಪಿಗಿಂತ ಬರೆದು ಕೊಡದವನ ತಪ್ಪು ಹತ್ತು ಪಟ್ಟು ದೊಡ್ಡದು. ಹಣವಿಲ್ಲವೆಂಬ ಅಂಜಿಕೆಯಿಂದಲೇ ವಿವರಪತ್ರವನ್ನೂ ಕೊಡದೆ ಉಳಿಯುವ ಸಾಮಾನ್ಯರಿಗೆ ಈ ಲೆಕ್ಕ ಗೊತ್ತಿರುವುದು ಅಪರೂಪ. 1989ರಲ್ಲಿ ವಂಚನೆಯ ಉದ್ದೇಶದಿಂದ ಸಲ್ಲಿಸದವರಿಗೆ ತಿಂಗಳಿಗೆ ಶೇಕಡಾ 15, ಒಟ್ಟು ಶೇಕಡಾ 75ರವರೆಗೆ ದಂಡವಾಯಿತು. ಕಾಲಮಿತಿಯ ವಿಷಯ ಇನ್ನೂ ಕಠಿಣ. ವಿವರಪತ್ರ ಸಲ್ಲಿಸಿದವನ ಲೆಕ್ಕವನ್ನು ಇಲಾಖೆ ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ತೆರೆಯಬೇಕು. ಸಲ್ಲಿಸದವನಿಗೆ ಗಡಿಯಾರ ಓಡಲಾರಂಭಿಸುವುದೇ ಇಲ್ಲ. ಮೂವತ್ತು ವರ್ಷಗಳಾದ ಮೇಲೂ ಆ ವರ್ಷದ ಬಾಗಿಲು ತೆರೆದೇ ಇರುತ್ತದೆ.

ಎರಡನೆಯ ಮಹಾಯುದ್ಧದವರೆಗೂ ಇದು ಉಳ್ಳವರ ತೆರಿಗೆಯಾಗಿತ್ತು. ಯುದ್ಧ ಅದನ್ನು ಜನಸಾಮಾನ್ಯರ ತೆರಿಗೆಯಾಗಿಸಿತು. 1945ರ ಹೊತ್ತಿಗೆ ತೆರಿಗೆ ಕಟ್ಟುವವರ ಸಂಖ್ಯೆ ನಾಲ್ಕು ಕೋಟಿಯನ್ನು ದಾಟಿತು. ಹಿಂದೆಂದೂ ಫಾರಂ 1040ನ್ನು ಕಂಡಿರದ ಕೂಲಿಕಾರರಿಗೆ ಅದನ್ನು ಪರಿಚಯಿಸಲು ಖಜಾನೆ ಇಲಾಖೆಯು 1942ರಲ್ಲಿ ವಾಲ್ಟ್ ಡಿಸ್ನಿಯವರಿಂದ ಡೊನಾಲ್ಡ್ ಡಕ್ ಪಾತ್ರದ ಚಲನಚಿತ್ರವನ್ನೇ ಮಾಡಿಸಿತು. ಚಿತ್ರ ಎಷ್ಟೇ ಜನಪ್ರಿಯವಾದರೂ ವರ್ಷದ ತೆರಿಗೆಯನ್ನು ಮರುವರ್ಷದಲ್ಲಿ ಒಟ್ಟಿಗೆ ಕಟ್ಟುವ ಹಳೆಯ ಪದ್ಧತಿ ವಾರದ ಸಂಬಳದವರಿಗೆ ಹೊಂದುವಂತಿರಲಿಲ್ಲ. ನ್ಯೂಯಾರ್ಕಿನ ಮೇಸಿ ಮಳಿಗೆಯ ಖಜಾಂಚಿ ಬಿಯರ್ಡ್ಸ್‌ಲಿ ರಮ್ಲ್ ಅವರ ಸಲಹೆಯಿಂದ ಪ್ರೇರಿತವಾದ 1943ರ ಕಾನೂನು ಒಂದು ವರ್ಷದ ತೆರಿಗೆಯಲ್ಲಿ ಬಹುಪಾಲನ್ನು ಮನ್ನಾ ಮಾಡಿ, ಜುಲೈ 1ರಿಂದ ಸಂಬಳದಿಂದಲೇ ತೆರಿಗೆಯನ್ನು ಮುರಿದುಕೊಳ್ಳುವ ವ್ಯವಸ್ಥೆಯನ್ನು ತಂದಿತು.

ಪ್ರಸ್ತುತ ವಿಷಯಕ್ಕೆ ಇದಕ್ಕಿಂತ ದೊಡ್ಡ ತಿರುವು ಮತ್ತೊಂದಿಲ್ಲ. ಸಂಬಳದಾರನ ವರಮಾನ ಅವನು ಹೇಳುವ ಮೊದಲೇ ಸರ್ಕಾರಕ್ಕೆ ತಿಳಿಯತೊಡಗಿತು. ಅವನ ಮೌನಕ್ಕೆ ಇನ್ನು ಬೆಲೆಯಿಲ್ಲ. ಬದಲಾಗಿ ಅವನು ಸುಮ್ಮನಿದ್ದರೆ ನಷ್ಟ ಅವನದೇ: ಹೆಚ್ಚಾಗಿ ಮುರಿದ ಹಣವನ್ನು ವಿವರಪತ್ರ ಸಲ್ಲಿಸಿ ಮೂರು ವರ್ಷಗಳೊಳಗೆ ಕೇಳದಿದ್ದರೆ ಅದು ಖಜಾನೆಗೆ ಸೇರಿಹೋಗುತ್ತದೆ. 2021ರ ಸಾಲಿನ ವಿವರಪತ್ರ ಸಲ್ಲಿಸದ ಹನ್ನೊಂದು ಲಕ್ಷಕ್ಕೂ ಹೆಚ್ಚು ಮಂದಿಯ ನೂರು ಕೋಟಿ ಡಾಲರಿಗೂ ಮಿಕ್ಕ ಹಣ ಹೀಗೆ ಗಡುವಿನ ಅಂಚಿನಲ್ಲಿದೆಯೆಂದು ಇಲಾಖೆಯೇ 2025ರ ಮಾರ್ಚಿನಲ್ಲಿ ಪ್ರಕಟಿಸಿತ್ತು. ಸರ್ಕಾರಕ್ಕೆ ಕೊಡಬೇಕಾದವನ ಪಾಲಿಗೆ ಕಾಲ ಮುಗಿಯುವುದಿಲ್ಲ, ಸರ್ಕಾರದಿಂದ ಬರಬೇಕಾದವನ ಪಾಲಿಗೆ ಮೂರು ವರ್ಷಕ್ಕೆ ಮುಗಿಯುತ್ತದೆ. ಈ ಅಸಮಾನತೆಯನ್ನು ಸಮರ್ಥಿಸುವುದು ಕಷ್ಟ.

ಮುರಿದುಕೊಳ್ಳುವ ವ್ಯವಸ್ಥೆಯ ಹೊರಗೆ ಉಳಿದವರಲ್ಲಿ ಬರಹಗಾರರೂ ಇದ್ದರು. ಗ್ರಂಥಸ್ವಾಮ್ಯದ ಗೌರವಧನದಿಂದ ಪ್ರಕಾಶಕರು ತೆರಿಗೆ ಮುರಿಯುತ್ತಿರಲಿಲ್ಲ. ಅಮೆರಿಕದ ಅಗ್ರಗಣ್ಯ ಸಾಹಿತ್ಯ ವಿಮರ್ಶಕರಾದ ಎಡ್ಮಂಡ್ ವಿಲ್ಸನ್ 1946ರಿಂದ 1955ರವರೆಗೆ ವಿವರಪತ್ರ ಸಲ್ಲಿಸಲೇ ಇಲ್ಲ. 1946ರಲ್ಲಿ ಅವರ ಕಥಾಸಂಕಲನವೊಂದು ಚೆನ್ನಾಗಿ ಮಾರಾಟವಾಗಿ, ಬಳಿಕ ಅಶ್ಲೀಲತೆಯ ಆರೋಪದ ಮೇಲೆ ನ್ಯೂಯಾರ್ಕಿನಲ್ಲಿ ನಿಷೇಧಕ್ಕೊಳಗಾಯಿತು. ಒಂದು ವರ್ಷ ತಪ್ಪಿದ್ದು ಮರುವರ್ಷಕ್ಕೂ ಅಂಟಿಕೊಂಡಿತು. ತಾವಾಗಿ ವಕೀಲರ ಬಳಿಗೆ ಹೋದಾಗ ಪರಿಸ್ಥಿತಿಯ ಗಾಂಭೀರ್ಯ ಅವರ ಅರಿವಿಗೆ ಬಂತು. ತೆರಿಗೆ, ಬಡ್ಡಿ, ದಂಡ ಎಲ್ಲ ಸೇರಿ ಇಲಾಖೆ ಕೇಳಿದ್ದು ಸುಮಾರು 69,000 ಡಾಲರು; ವರ್ಷಗಳ ತಗಾದೆಯ ನಂತರ 25,000 ಡಾಲರಿಗೆ ರಾಜಿಯಾಯಿತು. 1963ರಲ್ಲಿ ಅವರು ಪ್ರಕಟಿಸಿದ ಶೀತಲ ಸಮರ ಮತ್ತು ವರಮಾನ ತೆರಿಗೆಯನ್ನು ಕುರಿತ ಪುಟ್ಟ ಪುಸ್ತಕ ಅಣ್ವಸ್ತ್ರಗಳಿಗೂ ರೋಗಾಣು ಅಸ್ತ್ರಗಳಿಗೂ ತೆರಿಗೆಯ ಹಣ ಹರಿಯುತ್ತಿರುವುದನ್ನು ಖಂಡಿಸುತ್ತದೆ. ಆದರೆ ತಮ್ಮ ಮೌನ ಪ್ರತಿಭಟನೆಯಾಗಿ ಆರಂಭವಾದದ್ದಲ್ಲ, ಅಲಕ್ಷ್ಯದಿಂದ ಆದದ್ದು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಆ ಪ್ರಾಮಾಣಿಕತೆಯೇ ಪುಸ್ತಕಕ್ಕೆ ಚರಿತ್ರೆಯ ಆಕರವಾಗುವ ಯೋಗ್ಯತೆಯನ್ನು ತಂದುಕೊಟ್ಟಿದೆ. ಅದೇ ವರ್ಷ ಅಧ್ಯಕ್ಷ ಕೆನಡಿ ಅವರನ್ನು ರಾಷ್ಟ್ರದ ಸ್ವಾತಂತ್ರ್ಯ ಪದಕಕ್ಕೆ ಆರಿಸಿದಾಗ ತೆರಿಗೆ ಇಲಾಖೆ ಆಕ್ಷೇಪಿಸಿತು. ಈ ಮನ್ನಣೆ ಸಾಹಿತ್ಯಕ್ಕೆ ಸಲ್ಲುವುದೇ ಹೊರತು ನಡತೆಗಲ್ಲವೆಂದು ಕೆನಡಿ ತಮ್ಮ ನಿಲುವನ್ನು ಬದಲಿಸಲಿಲ್ಲ.

ಇಲಾಖೆಗೇ ಆಗ ನೈತಿಕ ಅಧಿಕಾರ ಹೆಚ್ಚಾಗಿ ಉಳಿದಿರಲಿಲ್ಲ ಎನ್ನಬೇಕು. 1950ರ ದಶಕದ ಆರಂಭದಲ್ಲಿ ಕಾಂಗ್ರೆಸ್ಸಿನ ವಿಚಾರಣೆಗಳು ಲಂಚಗುಳಿತನವನ್ನು ಬಯಲಿಗೆಳೆದು, ಮಾಜಿ ಆಯುಕ್ತ ಜೋಸೆಫ್ ನುನಾನರೇ 1954ರಲ್ಲಿ ತೆರಿಗೆ ವಂಚನೆಗಾಗಿ ಶಿಕ್ಷೆಗೊಳಗಾದರು. ತಪ್ಪನ್ನು ತಾನಾಗಿ ಒಪ್ಪಿಕೊಂಡು ಬಂದವನ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂಬ ಭರವಸೆಯನ್ನು 1952ರ ಜನವರಿಯಲ್ಲಿ ಹಿಂತೆಗೆದುಕೊಳ್ಳಲಾಯಿತು. ತನಿಖೆ ಆರಂಭವಾಗುವ ಮುನ್ನ ಬಂದನೋ ನಂತರ ಬಂದನೋ ಎಂಬ ಜಗಳಗಳಿಗೆ ಕೊನೆಯಿರಲಿಲ್ಲ. ರಾಜಕೀಯ ನೇಮಕದ 64 ಕಲೆಕ್ಟರರ ಹುದ್ದೆಗಳನ್ನು ಟ್ರೂಮನ್ ಸರ್ಕಾರ ರದ್ದುಪಡಿಸಿತು. 1953ರಲ್ಲಿ ಇಲಾಖೆಯು ಆಂತರಿಕ ಕಂದಾಯ ಸೇವೆ ಎಂಬ ಹೊಸ ಹೆಸರನ್ನು ಪಡೆಯಿತು.

ಮುಂದಿನ ಘಟ್ಟ ಯಂತ್ರದ್ದು. 1961ರಲ್ಲಿ ಪಶ್ಚಿಮ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗಿನಲ್ಲಿ ಗಣಕ ಕೇಂದ್ರ ಸಿದ್ಧವಾಯಿತು. ಸಾಮಾಜಿಕ ಭದ್ರತಾ ಸಂಖ್ಯೆಯೇ ತೆರಿಗೆದಾರನ ಗುರುತಿನ ಸಂಖ್ಯೆಯಾಯಿತು. ಬ್ಯಾಂಕುಗಳೂ ಕಂಪನಿಗಳೂ ಬಡ್ಡಿ ಮತ್ತು ಲಾಭಾಂಶದ ವರದಿಗಳನ್ನು ಕೊಡುವಂತೆ 1962ರ ಕಾನೂನು ವಿಧಿಸಿತು. ಮೂರನೆಯವರು ಕೊಟ್ಟ ಈ ಕಾಗದಗಳನ್ನು ಒಟ್ಟುಗೂಡಿಸಿ, ವಿವರಪತ್ರ ಬಾರದಿದ್ದಲ್ಲಿ ಇಲಾಖೆಯೇ ಬದಲಿ ವಿವರಪತ್ರವನ್ನು ಬರೆಯಬಹುದು. 1862ರ ಸ್ಥಳೀಯ ಅಧಿಕಾರಿಯ ಅಧಿಕಾರವೇ ಇಲ್ಲಿ ಯಂತ್ರದ ಕೈಗೆ ಬಂದಿದೆ. ಬದಲಿ ವಿವರಪತ್ರದಲ್ಲಿ ವರಮಾನವೆಲ್ಲ ಇರುತ್ತದೆ. ವ್ಯಾಪಾರದ ಖರ್ಚುಗಳಾಗಲಿ ಅವಲಂಬಿತ ಮಕ್ಕಳಾಗಲಿ ಇರುವುದಿಲ್ಲ. ಹೀಗೆ ಉಬ್ಬಿದ ಮೊತ್ತಕ್ಕೆ ನೋಟೀಸು ಬಂದ ತೊಂಬತ್ತು ದಿನಗಳೊಳಗೆ ತೆರಿಗೆ ನ್ಯಾಯಾಲಯಕ್ಕೆ ಹೋಗದಿದ್ದರೆ ಆ ಮೊತ್ತದ ವಸೂಲಿಗೆ ದಾರಿಯಾಗುತ್ತದೆ. ಅಷ್ಟಾದರೂ ಈ ಬದಲಿ ಪತ್ರ ತೆರಿಗೆದಾರನ ಪತ್ರವೆಂದು ಗಣನೆಗೆ ಬಾರದ ಕಾರಣ ಕಾಲಮಿತಿಯ ಗಡಿಯಾರ ನಿಂತೇ ಇರುತ್ತದೆ.

ಸಲ್ಲಿಕೆಯಾದ ವಿವರಪತ್ರಗಳ ತಪಾಸಣೆಗೂ ಯಂತ್ರದ ಆಯ್ಕೆ ಬಂತು. 1969ರಿಂದ ಪ್ರತಿ ವಿವರಪತ್ರಕ್ಕೂ ಗುಪ್ತ ಸೂತ್ರವೊಂದರಂತೆ ಅಂಕಗಳು ಬೀಳುತ್ತವೆ. ಹೆಚ್ಚು ಅಂಕ ಪಡೆದದ್ದು ಅಧಿಕಾರಿಯ ಮೇಜಿಗೆ ಹೋಗುತ್ತದೆ. ಆ ಸೂತ್ರವನ್ನು ರೂಪಿಸಲು 1960ರ ದಶಕದಿಂದ ಸಾವಿರಾರು ಜನರನ್ನು ಚೀಟಿ ಎತ್ತಿದಂತೆ ಆರಿಸಿ, ಅವರ ವಿವರಪತ್ರದ ಒಂದೊಂದು ಸಾಲಿಗೂ ಆಧಾರ ಕೇಳುವ ಪರೀಕ್ಷೆ ನಡೆಯುತ್ತಿತ್ತು. ಸಂಶಯಕ್ಕೆ ಎಡೆಯೇ ಇಲ್ಲದವರೂ ಮದುವೆಯ ಪ್ರಮಾಣಪತ್ರವನ್ನು ಹಿಡಿದು ನಿಲ್ಲಬೇಕಾದ ಈ ಕ್ರಮಕ್ಕೆ ವಿರೋಧ ಬೆಳೆದು 1995ರಲ್ಲಿ ಅದನ್ನು ಕೈಬಿಡಲಾಯಿತು. 2001ರ ಸಾಲಿನಿಂದ ಅದೇ ಕೆಲಸ ಮೃದುವಾದ ರೂಪದಲ್ಲಿ ಮತ್ತೆ ನಡೆದಿದೆ.

ತಪ್ಪಿನ ಹಿಂದಿನ ಮನಸ್ಸನ್ನು ಅಳೆಯುವ ಕೆಲಸ ನ್ಯಾಯಾಲಯಗಳಿಗೆ ಬಿಟ್ಟದ್ದು. ಇಲ್ಲಿ ಎರಡು ತೀರ್ಪುಗಳನ್ನು ಜೊತೆಯಾಗಿ ಓದಬೇಕು. ಮೃತಳ ಆಸ್ತಿಯ ನಿರ್ವಾಹಕನಾಗಿದ್ದ ರಾಬರ್ಟ್ ಬಾಯ್ಲ್ ಎಂಬಾತ ವಿವರಪತ್ರದ ಕೆಲಸವನ್ನು ವಕೀಲನಿಗೆ ಒಪ್ಪಿಸಿ, ಪದೇ ಪದೇ ವಿಚಾರಿಸುತ್ತಲೂ ಇದ್ದ. ವಕೀಲನ ಕಚೇರಿಯ ಮರೆವಿನಿಂದ ಅದು ಮೂರು ತಿಂಗಳು ತಡವಾಗಿ, 17,000 ಡಾಲರಿಗೂ ಮಿಕ್ಕ ದಂಡ ಬಿತ್ತು. ಗಡುವನ್ನು ನೆನಪಿಡಲು ವಿಶೇಷ ಜ್ಞಾನ ಬೇಕಿಲ್ಲ, ವಕೀಲನ ಮೇಲೆ ಭಾರ ಹಾಕಿದ್ದು ಸಕಾರಣವಾಗದೆಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿತು. 1991ರಲ್ಲಿ ಜಾನ್ ಚೀಕ್ ಎಂಬ ವಿಮಾನ ಚಾಲಕನ ಸರದಿ. ಸಂಬಳವೆಂಬುದು ವರಮಾನವೇ ಅಲ್ಲವೆಂದು ತೆರಿಗೆ ವಿರೋಧಿ ಸಭೆಗಳಲ್ಲಿ ಕೇಳಿ ನಂಬಿ ಅವನು ವಿವರಪತ್ರ ಸಲ್ಲಿಸುವುದನ್ನೇ ನಿಲ್ಲಿಸಿದ್ದ. ಆ ನಂಬಿಕೆ ಎಷ್ಟೇ ಅಸಂಬದ್ಧವಾಗಿದ್ದರೂ ಪ್ರಾಮಾಣಿಕವಾಗಿದ್ದರೆ ಅಪರಾಧಕ್ಕೆ ಬೇಕಾದ ಬುದ್ಧಿಪೂರ್ವಕತೆ ಇಲ್ಲವಾಗುತ್ತದೆಂದು ಅದೇ ನ್ಯಾಯಾಲಯ ತೀರ್ಮಾನಿಸಿತು. ಕಾನೂನೇ ಸಂವಿಧಾನಬಾಹಿರವೆಂಬ ನಂಬಿಕೆಗೆ ಮಾತ್ರ ಆ ರಿಯಾಯಿತಿಯಿಲ್ಲ. ಮರುವಿಚಾರಣೆಯಲ್ಲಿ ಜೂರಿ ಚೀಕನನ್ನು ನಂಬಲಿಲ್ಲವೆಂಬುದು ಬೇರೆ ಮಾತು. ಸೆರೆಮನೆಗೆ ಕಳಿಸಲು ಮನಸ್ಸನ್ನು ಬಗೆದು ನೋಡುವ ಕಾನೂನು ದಂಡ ಹಾಕುವಾಗ ಪಂಚಾಂಗವನ್ನಷ್ಟೇ ನೋಡುತ್ತದೆ. ಮೊದಲನೆಯದು ಕೆಲವರಿಗೆ ಮಾತ್ರ ಎದುರಾಗುವ ಪ್ರಸಂಗ, ಎರಡನೆಯದು ಲಕ್ಷಾಂತರ ಜನರಿಗೆ.

ಕನ್ನಡಿಗರಿಗೆ ಈ ಚರಿತ್ರೆ ನೇರವಾಗಿ ತಟ್ಟಿದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ. 1965ರ ವಲಸೆ ಕಾನೂನಿನ ನಂತರ ಹೋದ ವೈದ್ಯರೂ ಎಂಜಿನಿಯರರೂ, 1990ರ ದಶಕದಿಂದ ಬೆಂಗಳೂರಿನಿಂದ ಹೋದ ತಂತ್ರಾಂಶ ತಜ್ಞರೂ ಊರಿನ ಬ್ಯಾಂಕುಗಳಲ್ಲಿ ಠೇವಣಿ ಉಳಿಸಿಕೊಂಡಿದ್ದರು. ಅನಿವಾಸಿ ಭಾರತೀಯರ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ. ಆದರೆ ಅಮೆರಿಕವು ತನ್ನ ಪ್ರಜೆಗಳ, ಖಾಯಂ ನಿವಾಸಿಗಳ ಜಗತ್ತಿನಾದ್ಯಂತದ ವರಮಾನಕ್ಕೆ ತೆರಿಗೆ ವಿಧಿಸುತ್ತದೆ. ವಿದೇಶೀ ಖಾತೆಗಳ ಒಟ್ಟು ಮೊತ್ತ 10,000 ಡಾಲರನ್ನು ಮೀರಿದರೆ 1970ರ ಕಾನೂನಿನಂತೆ ಪ್ರತ್ಯೇಕ ವರದಿಯನ್ನೂ ಕೇಳುತ್ತದೆ. ಇಲ್ಲಿ ತೆರಿಗೆಯಿಲ್ಲದ್ದಕ್ಕೆ ಅಲ್ಲೂ ಇಲ್ಲವೆಂದು ತಿಳಿದವರ ಮೌನ ಸ್ವಿಸ್ ಬ್ಯಾಂಕುಗಳಲ್ಲಿ ಬಚ್ಚಿಟ್ಟವರ ಮೌನದೊಡನೆ ಒಂದೇ ತಕ್ಕಡಿಗೆ ಬಿತ್ತು. 2009ರಿಂದ 2018ರವರೆಗೆ ನಡೆದ ಸ್ವಯಂಘೋಷಣೆಯ ಯೋಜನೆಗಳಲ್ಲಿ ದಂಡವು ಖಾತೆಯ ಗರಿಷ್ಠ ಮೊತ್ತದ ಶೇಕಡಾ 20, 25, 27.5 ಹೀಗೆ ಏರಿತು. ಸಣ್ಣ ಖಾತೆಯವರು ಕಟ್ಟಿದ ದಂಡ ಅವರು ಬಾಕಿಯಿದ್ದ ತೆರಿಗೆಯ ಹಲವು ಪಟ್ಟಾಯಿತೆಂದು ತೆರಿಗೆದಾರರ ರಾಷ್ಟ್ರೀಯ ವಕಾಲತ್ತು ವಹಿಸುವ ಅಧಿಕಾರಿ ನೀನಾ ಓಲ್ಸನ್ ಕಾಂಗ್ರೆಸ್ಸಿಗೆ ವರದಿ ಮಾಡಿದರು. 2011ರ ಏಪ್ರಿಲಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಫೆಡರಲ್ ನ್ಯಾಯಾಲಯ ಎಚ್‌ಎಸ್‌ಬಿಸಿ ಬ್ಯಾಂಕಿನ ಭಾರತದ ಶಾಖೆಗಳಲ್ಲಿ ಖಾತೆಯಿದ್ದ ಅಮೆರಿಕ ನಿವಾಸಿಗಳ ಹೆಸರು ಕೇಳಲು ಇಲಾಖೆಗೆ ಅನುಮತಿ ನೀಡಿತು. 2014ರಲ್ಲಿ ಉದ್ದೇಶಪೂರ್ವಕವಲ್ಲದ ತಪ್ಪಿಗೆ ಮೂರು ವರ್ಷಗಳ ವಿವರಪತ್ರ, ಆರು ವರ್ಷಗಳ ಖಾತೆ ವರದಿಗಳ ಸರಳ ಮಾರ್ಗ ವಿಸ್ತಾರಗೊಂಡಿತು. ಭಾರತ ಮತ್ತು ಅಮೆರಿಕಗಳ ನಡುವೆ 2015ರ ಜುಲೈ 9ರಂದು ಆದ ಒಪ್ಪಂದದಿಂದ ಬ್ಯಾಂಕುಗಳ ಮಾಹಿತಿ ತಾನಾಗಿ ಸಮುದ್ರ ದಾಟತೊಡಗಿತು. ವರದಿ ಮಾಡದ ಒಂದೊಂದು ಖಾತೆಗೂ 10,000 ಡಾಲರು ದಂಡವೆಂಬ ಇಲಾಖೆಯ ವಾದವನ್ನು 2023ರ ಫೆಬ್ರವರಿಯಲ್ಲಿ ಬಿಟ್ನರ್ ಮೊಕದ್ದಮೆಯ 5-4ರ ತೀರ್ಪು ತಳ್ಳಿಹಾಕಿದಾಗ, 27.2 ಲಕ್ಷ ಡಾಲರಿನ ದಂಡವೊಂದು 50,000ಕ್ಕೆ ಇಳಿಯಿತು.

ತಪಾಸಣೆಯ ಭಾರ ಯಾರ ಮೇಲೆ ಬೀಳುತ್ತದೆಂಬ ಪ್ರಶ್ನೆಗೆ ಈಚಿನ ಅಂಕಿಅಂಶಗಳು ಕೊಡುವ ಉತ್ತರ ಹಿತವಾದುದಲ್ಲ. ವೈಯಕ್ತಿಕ ವಿವರಪತ್ರಗಳ ತಪಾಸಣೆಯ ಪ್ರಮಾಣ 2010ರ ಸಾಲಿನಲ್ಲಿ ಶೇಕಡಾ 0.9 ಇದ್ದದ್ದು 2019ರ ಸಾಲಿಗೆ 0.25ಕ್ಕೆ ಕುಸಿಯಿತು. ಅಂಚೆಯಲ್ಲಿ ಮುಗಿಸಬಹುದಾದ, ದುಡಿಯುವ ಬಡವರ ರಿಯಾಯಿತಿಗೆ ಸಂಬಂಧಿಸಿದ ತಪಾಸಣೆಗಳು ಮಾತ್ರ ಸುಲಭವಾಗಿ ಮುಂದುವರಿದವು. ಕರಿಯ ತೆರಿಗೆದಾರರು ಉಳಿದವರಿಗಿಂತ 2.9ರಿಂದ 4.7 ಪಟ್ಟು ಹೆಚ್ಚಾಗಿ ತಪಾಸಣೆಗೆ ಒಳಗಾಗುತ್ತಾರೆಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮೊದಲಾದೆಡೆಯ ಸಂಶೋಧಕರು 2023ರ ಜನವರಿಯಲ್ಲಿ ತೋರಿಸಿದರು. ವಿವರಪತ್ರದಲ್ಲಿ ಜನಾಂಗದ ಅಂಕಣವೇ ಇಲ್ಲ. ಸೂತ್ರ ಆರಿಸುವ ಬಗೆಯಲ್ಲೇ ಆ ಫಲ ಅಡಗಿತ್ತು.

ಇತ್ತ, 2014ರಿಂದ 2016ರ ಸಾಲುಗಳಲ್ಲಿ ವಿವರಪತ್ರ ಸಲ್ಲಿಸದ ಹೆಚ್ಚಿನ ವರಮಾನದವರು 8,79,415 ಮಂದಿಯೆಂದೂ ಅವರಿಂದ ಬರಬೇಕಾದ ತೆರಿಗೆ ಸುಮಾರು 4,570 ಕೋಟಿ ಡಾಲರೆಂದೂ ಖಜಾನೆಯ ತನಿಖಾಧಿಕಾರಿ 2020ರಲ್ಲಿ ವರದಿ ಮಾಡಿದರು. ಅವರಲ್ಲಿ 3,69,180 ಮಂದಿಯ ಕಡತಗಳನ್ನು ಯಾರೂ ಕೈಗೆತ್ತಿಕೊಂಡಿರಲೇ ಇಲ್ಲ. ಅವರ ವರಮಾನದ ಕಾಗದಗಳು ಇಲಾಖೆಯ ಗಣಕದಲ್ಲೇ ಇದ್ದವು. ಆದ್ದರಿಂದ ಇದನ್ನು ಅಜ್ಞಾನವೆನ್ನಲಾಗದು, ಕೇಳಿಸಿದ್ದನ್ನು ಕೇಳಿಸಿಕೊಳ್ಳಲು ಆಳುಗಳಿರಲಿಲ್ಲ. 2022ರಲ್ಲಿ ಕಾಂಗ್ರೆಸ್ಸು ಇಲಾಖೆಗೆ ಹತ್ತು ವರ್ಷಗಳಿಗೆ ಸುಮಾರು 8,000 ಕೋಟಿ ಡಾಲರಿನ ಹೆಚ್ಚುವರಿ ಅನುದಾನ ಕೊಟ್ಟು, ಮುಂದೆ ಅದರ ದೊಡ್ಡ ಪಾಲನ್ನು ಹಿಂತೆಗೆದುಕೊಂಡಿತು. ಆ ಹಣದ ಬಲದಿಂದ 2024ರ ಫೆಬ್ರವರಿ ಕೊನೆಯಲ್ಲಿ, 2017ರಿಂದ ವಿವರಪತ್ರ ಸಲ್ಲಿಸದ ಪ್ರಕರಣಗಳಲ್ಲಿ 1,25,000ಕ್ಕೂ ಹೆಚ್ಚು ಪತ್ರಗಳನ್ನು ಕಳಿಸುವ ಕೆಲಸ ಆರಂಭವಾಯಿತು. ಅವುಗಳಲ್ಲಿ 25,000ಕ್ಕೂ ಹೆಚ್ಚು ಪತ್ರಗಳು ಹೋದದ್ದು ವರ್ಷಕ್ಕೆ ಹತ್ತು ಲಕ್ಷ ಡಾಲರಿಗೂ ಮಿಕ್ಕ ವರಮಾನದವರಿಗೆ. 2025ರ ಆರಂಭದಲ್ಲಿ ಒಂದು ಲಕ್ಷ ದಾಟಿದ್ದ ಇಲಾಖೆಯ ಸಿಬ್ಬಂದಿ ಅದೇ ವರ್ಷದ ನಡುವಿನ ಹೊತ್ತಿಗೆ ಸುಮಾರು 76,000ಕ್ಕೆ ಇಳಿಯಿತು.